ತಲೆ ಓಡಿಸಿದ್ದು ಮಗುವೋ, ಆ್ಯಪ್ಪೋ? ಮಕ್ಕಳ ಕಲಿಕೆಗೆ ತಂತ್ರಜ್ಞಾನ ಬಳಸುವವರಿಗೊಂದು ಮಾರ್ಗದರ್ಶಿ

ಮಗುವಿನ ಓದಿಗೆ ಟ್ಯಾಬ್ಲೆಟ್ ಕೊಡಿಸಬೇಕೇ, ಯಾವ ಆ್ಯಪ್ ಒಳ್ಳೆಯದು, ದಿನಕ್ಕೆ ಎಷ್ಟು ಹೊತ್ತು ಬಿಡಬಹುದು? ಹೆತ್ತವರ ಪ್ರಶ್ನೆಗಳು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಬರುತ್ತವೆ. ಮಗುವಿಗೆ ಅರ್ಥವಾಗದೆ ಉಳಿದಿರುವುದು ಯಾವುದು ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಈ ಮಾರ್ಗದರ್ಶಿ ಆ ಕೊನೆಯ ಪ್ರಶ್ನೆಯನ್ನು ಮೊದಲಿಗೆ ತರುತ್ತದೆ.

ತರಗತಿಗೆ ಯಂತ್ರ ತರುವ ಉತ್ಸಾಹ ಹೊಸದೇನಲ್ಲ. ಶಾಲೆಗಳಲ್ಲಿ ಪುಸ್ತಕದ ಕಾಲ ಮುಗಿಯುತ್ತ ಬಂತು, ಇನ್ನು ಚಲನಚಿತ್ರವೇ ಪಾಠ ಹೇಳುತ್ತದೆ ಎಂದು ಥಾಮಸ್ ಎಡಿಸನ್ 1913ರಲ್ಲೇ ಭವಿಷ್ಯ ನುಡಿದಿದ್ದ. ಆಮೇಲೆ ರೇಡಿಯೊ ಬಂತು, ಟಿ.ವಿ. ಬಂತು, ಕಂಪ್ಯೂಟರ್ ಬಂತು. ಪ್ರತಿ ಸಲವೂ ಅದೇ ಮಾತು. 2005ರಲ್ಲಿ ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ ಯೋಜನೆ ಪ್ರಕಟವಾದ ಮೇಲೆ ಪೆರು ದೇಶ ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ಮಕ್ಕಳಿಗೆ ಹಂಚಿತು. 2012ರಲ್ಲಿ ಬಂದ ಮೌಲ್ಯಮಾಪನ ನೋಡಿದರೆ, ಆ ಮಕ್ಕಳ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಸುಧಾರಣೆ ಕಂಡಿರಲಿಲ್ಲ. ಶಾಲಾ ಕಂಪ್ಯೂಟರ್‌ಗಳಿಗೆ ಭಾರಿ ಹಣ ಹಾಕಿದ ದೇಶಗಳ ಮಕ್ಕಳ ಓದು, ಗಣಿತ, ವಿಜ್ಞಾನದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಏರಿಕೆ ಆಗಿಲ್ಲ ಎಂದು, ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಸಂಸ್ಥೆಯ 2015ರ ವರದಿಯೂ ಹೇಳಿತು.

ಹಾಗೆಂದು ಎಲ್ಲವೂ ದಂಡ ಎನ್ನುವಂತಿಲ್ಲ. ದೆಹಲಿಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಾಲೆ ಮುಗಿದ ಮೇಲೆ ಕೇಂದ್ರಕ್ಕೆ ಬಂದು ಕಂಪ್ಯೂಟರ್‌ನಲ್ಲಿ ಅಭ್ಯಾಸ ಮಾಡಿದ ಮಕ್ಕಳು ಸುಮಾರು ನಾಲ್ಕೂವರೆ ತಿಂಗಳಲ್ಲಿ ಗಣಿತ ಮತ್ತು ಹಿಂದಿ ಎರಡರಲ್ಲೂ ಉಳಿದವರಿಗಿಂತ ಗಮನಾರ್ಹವಾಗಿ ಮುಂದೆ ಬಂದರು. ಅವರಲ್ಲಿ ಬಹಳ ಮಂದಿ ತಮ್ಮ ತರಗತಿಯ ಪಠ್ಯಕ್ಕಿಂತ ಹಲವು ವರ್ಷ ಹಿಂದಿದ್ದವರು. ಆ ತಂತ್ರಾಂಶ ಮಗು ಯಾವ ತರಗತಿಯಲ್ಲಿದೆ ಎಂದು ನೋಡದೆ ಎಲ್ಲಿ ಎಡವುತ್ತಿದೆ ಎಂದು ಪತ್ತೆ ಹಚ್ಚಿ, ಅಲ್ಲಿಂದಲೇ ಪ್ರಶ್ನೆ ಕೊಡುತ್ತಿತ್ತು. ಜೊತೆಗೆ ಕಲಿಸುವವರೂ ಅಲ್ಲಿದ್ದರು.

ಪೆರುವಿನಲ್ಲಿ ಕೊಟ್ಟಿದ್ದು ಸಾಧನ. ದೆಹಲಿಯಲ್ಲಿ ಕೊಟ್ಟಿದ್ದು ಮಗುವಿನ ಮಟ್ಟಕ್ಕೆ ಸರಿಹೊಂದುವ ಕೆಲಸ. ಮಗು ಪರದೆ ಬಿಟ್ಟೆದ್ದಾಗ ‘ಈಗ ಇಷ್ಟು ಹೊತ್ತು ತಲೆ ಓಡಿಸಿದ್ದು ಯಾರು’ ಎಂದು ಕೇಳಿಕೊಳ್ಳಿ. ಮಗು ಎಂದಾದರೆ ಹತ್ತು ನಿಮಿಷವೂ ಲಾಭ. ಯಂತ್ರವೇ ಎಲ್ಲವನ್ನೂ ಮಾಡಿತು, ಮಗು ನೋಡುತ್ತಿತ್ತು ಎಂದಾದರೆ ಎರಡು ಗಂಟೆಯೂ ದಂಡವೇ. ಮುಂದಿನ ಹಂತಗಳೆಲ್ಲ ಈ ಪ್ರಶ್ನೆಯನ್ನು ಹಿಡಿದೇ ಸಾಗುತ್ತವೆ.

ಹಂತ 1: ತೊಡಕನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ಗಣಿತ ಬರುವುದಿಲ್ಲ’ ಎಂಬುದು ತೊಡಕಿನ ವಿವರಣೆಯಲ್ಲ, ಅದು ದೂರು. ‘ಭಿನ್ನರಾಶಿ ಕೂಡಿಸುವಾಗ ಅಂಶಗಳ ಜೊತೆ ಛೇದಗಳನ್ನೂ ಕೂಡಿಸಿಬಿಡುತ್ತಾಳೆ’ ಎಂದು ಬರೆದರೆ ಅದರ ಮೇಲೆ ಕೆಲಸ ಮಾಡಬಹುದು. ‘ಓದುತ್ತಾನೆ, ಆದರೆ ಪುಟ ಮುಗಿದ ಮೇಲೆ ಏನಿತ್ತೆಂದು ಹೇಳಲಾರ’, ‘ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಾಳೆ’, ‘ಇಂಗ್ಲಿಷ್ ಬರೆಯುತ್ತಾನೆ, ಮಾತನಾಡಲು ಹಿಂಜರಿಯುತ್ತಾನೆ’ ಇವೆಲ್ಲ ಹಿಡಿತಕ್ಕೆ ಸಿಗುವ ಮಾತುಗಳು.

ಇದನ್ನು ಕಂಡುಕೊಳ್ಳಲು ಯಾವ ಆ್ಯಪ್ಪಿನ ‘ಉಚಿತ ಪರೀಕ್ಷೆ’ಯೂ ಬೇಡ. ಮಗುವಿನ ಕಳೆದ ತಿಂಗಳ ನೋಟ್‌ಬುಕ್ ತೆಗೆದು, ಕೆಂಪು ಶಾಯಿ ಬಿದ್ದ ಕಡೆಗಳನ್ನಷ್ಟೇ ಓದುತ್ತ ಹೋಗಿ. ತಪ್ಪುಗಳು ಬೇಕಾಬಿಟ್ಟಿ ಆಗಿರುವುದಿಲ್ಲ; ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಬರುತ್ತಿರುತ್ತದೆ. ಆಮೇಲೆ ‘ಇದನ್ನು ಹೇಗೆ ಮಾಡಿದೆ, ನನಗೆ ಹೇಳಿಕೊಡು’ ಎಂದು ಮಗುವನ್ನೇ ಕೇಳಿ. ನಡುವೆ ತಿದ್ದಲು ಹೋಗಬೇಡಿ. ಐದು ನಿಮಿಷದಲ್ಲಿ ಬೇರು ಸಿಗುತ್ತದೆ. ಸಿಗದಿದ್ದರೆ ಶಿಕ್ಷಕರನ್ನು ಕೇಳಿ. ‘ನನ್ನ ಮಗು ಹೇಗೆ ಓದುತ್ತಿದೆ’ ಎನ್ನುವುದಕ್ಕಿಂತ ‘ಯಾವ ಬಗೆಯ ಪ್ರಶ್ನೆಯಲ್ಲಿ ತಪ್ಪುತ್ತಿದೆ’ ಎಂದು ಕೇಳಿದರೆ ಅವರಿಗೂ ಉತ್ತರಿಸುವುದು ಸುಲಭ.

ಆ ವಾಕ್ಯ ಕೈಯಲ್ಲಿದ್ದಾಗ ಮುಂದಿನ ಪ್ರಶ್ನೆ: ಇದಕ್ಕೆ ತಂತ್ರಜ್ಞಾನ ನಿಜವಾಗಿ ಬೇಕೇ? ನನ್ನ ಅಭಿಪ್ರಾಯದಲ್ಲಿ ಅದು ಕೈ ಬಿಡದೆ ಕೆಲಸಕ್ಕೆ ಬರುವ ಜಾಗಗಳು ನಾಲ್ಕೇ.

ಒಂದು, ಕೂಡಲೇ ತಿದ್ದುಪಡಿ ಬೇಕಾದ ಅಭ್ಯಾಸ. ಮಗ್ಗಿ, ಕಾಗುಣಿತ, ಪದಗಳ ಅರ್ಥ, ಸಮೀಕರಣ ಬಿಡಿಸುವುದು. ನಲವತ್ತು ಮಕ್ಕಳ ತರಗತಿಯಲ್ಲಿ ಶಿಕ್ಷಕರು ಪ್ರತಿಯೊಬ್ಬರ ಪ್ರತಿಯೊಂದು ಹೆಜ್ಜೆಯನ್ನೂ ಆ ಕ್ಷಣವೇ ನೋಡಲಾರರು, ಯಂತ್ರ ನೋಡಬಲ್ಲದು. ದಿನ ಬಿಟ್ಟು ದಿನ, ವಾರ ಬಿಟ್ಟು ವಾರ ಅದೇ ಪದವನ್ನು ನೆನಪಿಸುವ ‘ಆ್ಯಂಕಿ’ಯಂಥ ಫ್ಲ್ಯಾಶ್‌ಕಾರ್ಡ್ ತಂತ್ರಾಂಶಗಳೂ ಇದೇ ಗುಂಪಿಗೆ ಸೇರಿದವು. ಕಲಿತದ್ದನ್ನು ಮತ್ತೆ ನೆನಪಿಸಿಕೊಳ್ಳದಿದ್ದರೆ ಬೇಗ ಮರೆತುಹೋಗುತ್ತದೆ ಎಂಬುದನ್ನು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದ. ಯಾವ ಪದವನ್ನು ಯಾವತ್ತು ಮತ್ತೆ ಕೇಳಬೇಕೆಂಬ ಲೆಕ್ಕ ಇಡುವುದು ಮನುಷ್ಯರಿಗೆ ಬೇಸರದ ಕೆಲಸ, ಯಂತ್ರಕ್ಕೆ ಬೇಸರವಿಲ್ಲ.

ಎರಡು, ಕಣ್ಣಿಗೆ ಕಾಣದ್ದನ್ನು ಅಥವಾ ಕೈಗೆ ಸಿಗದ್ದನ್ನು ಆಡಿಸಿ ನೋಡುವುದು. ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ, ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡುವ ‘ಫೆಟ್’ ಸಿಮ್ಯುಲೇಶನ್‌ಗಳು ಉಚಿತ. ವಿದ್ಯುತ್ ಮಂಡಲಕ್ಕೆ ಇನ್ನೊಂದು ಬಲ್ಬ್ ಸೇರಿಸಿದರೆ ಏನಾಗುತ್ತದೆ ಎಂದು ಮಗು ತಾನೇ ಜೋಡಿಸಿ ನೋಡಬಹುದು. ‘ಜಿಯೋಜೀಬ್ರಾ’ದಲ್ಲಿ ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೆ ಮೂರೂ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಂತಿರುತ್ತದೆ. ಕಪ್ಪುಹಲಗೆಯ ಮೇಲೆ ಹತ್ತು ತ್ರಿಭುಜ ಬರೆದರೂ ಅದು ಅಷ್ಟು ಸಲೀಸಾಗಿ ಮನಸ್ಸಿಗೆ ಇಳಿಯುವುದಿಲ್ಲ.

ಮೂರು, ಮಗು ತಾನೇ ಏನನ್ನಾದರೂ ಕಟ್ಟುವುದು. ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಬಿಡುಗಡೆ ಮಾಡಿದ ‘ಸ್ಕ್ರ್ಯಾಚ್’ ಎಂಬ ಪ್ರೋಗ್ರಾಮಿಂಗ್ ಭಾಷೆ ಎಂಟರಿಂದ ಹದಿನಾರು ವರ್ಷದವರಿಗೆಂದೇ ಮಾಡಿದ್ದು. ಐದರಿಂದ ಏಳು ವರ್ಷದವರಿಗೆ ‘ಸ್ಕ್ರ್ಯಾಚ್ ಜೂನಿಯರ್’ ಇದೆ. ಇಲ್ಲಿ ಮಗು ಆದೇಶ ಕೊಡುತ್ತದೆ, ಯಂತ್ರ ಪಾಲಿಸುತ್ತದೆ. ಆದೇಶ ತಪ್ಪಿದ್ದರೆ ಪರದೆಯ ಮೇಲಿನ ಬೆಕ್ಕು ತಪ್ಪು ದಾರಿಯಲ್ಲಿ ಹೋಗುತ್ತದೆ. ಎಲ್ಲಿ ತಪ್ಪಿತೆಂದು ಮಗುವೇ ಹುಡುಕಬೇಕು.

ನಾಲ್ಕನೆಯದು ಉಳಿದ ಮೂರಕ್ಕಿಂತ ದೊಡ್ಡದು. ಕಣ್ಣು ಕಾಣದ, ಕಿವಿ ಕೇಳದ, ಕೈ ಸ್ವಾಧೀನದಲ್ಲಿಲ್ಲದ ಅಥವಾ ಡಿಸ್ಲೆಕ್ಸಿಯಾ (ಓದು ಬರಹದ ತೊಡಕು) ಇರುವ ಮಗುವಿಗೆ ತಂತ್ರಜ್ಞಾನ ಹೆಚ್ಚುವರಿ ಸೌಲಭ್ಯವಲ್ಲ, ಪಾಠದೊಳಗೆ ಹೋಗುವ ಬಾಗಿಲು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ‘ಎನ್‌ವಿಡಿಎ’ 2006ರಿಂದ ಉಚಿತವಾಗಿ ಸಿಗುತ್ತಿದೆ. ಅದನ್ನು ಶುರು ಮಾಡಿದ ಇಬ್ಬರೂ ಕಣ್ಣು ಕಾಣದ ಪ್ರೋಗ್ರಾಮರ್‌ಗಳು. ವಿಡಿಯೊಗಳ ಅಡಿಬರಹ, ಮಾತನ್ನು ಬರಹವಾಗಿಸುವ ಸೌಲಭ್ಯ, ಅಕ್ಷರದ ಗಾತ್ರ ಮತ್ತು ಸಾಲುಗಳ ಅಂತರ ಬದಲಿಸುವ ಅವಕಾಶ ಇವೆಲ್ಲ ಇಂದಿನ ಬಹುತೇಕ ಫೋನ್‌ಗಳಲ್ಲಿ ‘ಆ್ಯಕ್ಸೆಸಿಬಿಲಿಟಿ’ ಎಂಬ ಸೆಟ್ಟಿಂಗ್‌ನ ಕೆಳಗೇ ಇವೆ. ಇಂಥ ಮಗುವಿದ್ದರೆ ಈ ಲೇಖನದ ಸಮಯಮಿತಿಯ ಮಾತುಗಳನ್ನು ಸಡಿಲವಾಗಿ ತೆಗೆದುಕೊಳ್ಳಿ. ಬೇರೆ ಮಕ್ಕಳ ‘ಸ್ಕ್ರೀನ್ ಟೈಮ್’ ಲೆಕ್ಕ ಇಲ್ಲಿ ಹೊಂದುವುದಿಲ್ಲ.

ನಿಮ್ಮ ಒಂದು ವಾಕ್ಯ ಈ ನಾಲ್ಕರಲ್ಲಿ ಎಲ್ಲೂ ಕೂರದಿದ್ದರೆ, ಉದಾಹರಣೆಗೆ ಮಗುವಿಗೆ ಓದಲು ಮನಸ್ಸೇ ಇಲ್ಲ, ಶಾಲೆಗೆ ಹೋಗಲು ಭಯ, ಕೈಬರಹ ಕೆಟ್ಟಿದೆ ಎಂಬುದಾದರೆ, ಆ್ಯಪ್ ಹುಡುಕುವುದನ್ನು ಇಲ್ಲಿಗೇ ನಿಲ್ಲಿಸಬಹುದು.

ಹಂತ 2: ವಯಸ್ಸು ನೋಡಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿ ನೇರವಾಗಿದೆ: ಎರಡು ವರ್ಷ ತುಂಬುವ ತನಕ ಕುಳಿತು ಪರದೆ ನೋಡುವುದು ಬೇಡ; ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ದೂರದಲ್ಲಿರುವ ಅಜ್ಜಿ ತಾತನ ಜೊತೆ ವಿಡಿಯೊ ಕರೆಯಲ್ಲಿ ಮಾತನಾಡುವುದು ಬೇರೆ ವಿಷಯ. ತೀರ ಎಳೆಯ ಮಕ್ಕಳಿಗೆ ಪರದೆ ಬೇಡ ಎನ್ನುವ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಅದಕ್ಕೆ ವಿನಾಯಿತಿ ಕೊಟ್ಟಿದೆ.

ಇಷ್ಟು ಬಿಗಿ ಏಕೆ? 2003ರಲ್ಲಿ ಪ್ರಕಟವಾದ, ಶಿಶುಗಳ ಭಾಷಾ ಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಅವರ ಪ್ರಯೋಗ ಇದನ್ನು ಚೆನ್ನಾಗಿ ತಿಳಿಸುತ್ತದೆ. ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಲ್ಲಿ ಕೆಲವರ ಜೊತೆ ಚೀನಿ ಭಾಷಿಕರು ಎದುರು ಕೂತು ಆಡಿದರು, ಓದಿ ಹೇಳಿದರು. ಇನ್ನು ಕೆಲವರಿಗೆ ಅದೇ ಮಾತುಗಳನ್ನು ವಿಡಿಯೊದಲ್ಲಿ ತೋರಿಸಿದರು. ಎದುರಿಗೆ ಮನುಷ್ಯರಿದ್ದ ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ವಿಡಿಯೊ ನೋಡಿದವು ಏನನ್ನೂ ಕಲಿಯಲಿಲ್ಲ. ‘ಆರು ತಿಂಗಳಿಗೇ ಅಕ್ಷರಮಾಲೆ’ ಎನ್ನುವ ವಿಡಿಯೊಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಶಾಲೆಗೆ ಹೋಗುವ ಮಕ್ಕಳಿಗೆ ಎಲ್ಲರಿಗೂ ಸಲ್ಲುವ ಒಂದು ಸಂಖ್ಯೆ ಇಲ್ಲ. ನಿದ್ದೆ, ಹೊರಗಿನ ಆಟ, ಮನೆಯವರ ಜೊತೆ ಮಾತು, ಕೈಯಲ್ಲಿ ಬರೆಯುವ ಹೊತ್ತು ಇವನ್ನು ಮೊದಲು ದಿನದಲ್ಲಿ ಕೂರಿಸಿ, ಉಳಿದದ್ದರಲ್ಲಿ ಪರದೆಗೆ ಜಾಗ ಮಾಡಿ. ಪ್ರಾಥಮಿಕ ಶಾಲೆಯ ಮಗುವಿಗೆ ಕಲಿಕೆಯ ಆ್ಯಪ್ ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು ಎಂಬುದು ನನ್ನ ಅನಿಸಿಕೆ. ನಿಜವಾಗಿ ತಲೆ ಓಡಿಸುತ್ತಿದ್ದರೆ ಅಷ್ಟರಲ್ಲಿ ಮಗುವಿಗೆ ದಣಿವಾಗಿರುತ್ತದೆ. ಒಂದು ಗಂಟೆಯಾದರೂ ದಣಿಯದೆ ಇನ್ನೂ ಬೇಕು ಎನ್ನುತ್ತಿದ್ದರೆ ಅದು ಕಲಿಯುತ್ತಿಲ್ಲ, ಆಡುತ್ತಿದೆ ಎಂದು ಅನುಮಾನಿಸಿ.

ಹಂತ 3: ಮಗುವಿಗೆ ಕೊಡುವ ಮುನ್ನ ಅರ್ಧ ಗಂಟೆ ನೀವೇ ಬಳಸಿ, ಬೇಕೆಂದೇ ತಪ್ಪು ಉತ್ತರ ಕೊಡಿ

ಆ್ಯಪ್ಪಿನ ಗುಣ ಗೊತ್ತಾಗುವುದು ಸರಿ ಉತ್ತರ ಕೊಟ್ಟಾಗಲ್ಲ. ಸರಿಯಾದಾಗ ಎಲ್ಲ ಆ್ಯಪ್‌ಗಳೂ ಚಪ್ಪಾಳೆ ತಟ್ಟುತ್ತವೆ. ತಪ್ಪು ಉತ್ತರ ಕೊಟ್ಟು ನೋಡಿ. ಬರೀ ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂದರೆ ಅದು ಪ್ರಶ್ನೆಪತ್ರಿಕೆ, ಅಷ್ಟೇ. ಎಲ್ಲಿ ತಪ್ಪಿತೆಂದು ಸುಳಿವು ಕೊಟ್ಟು, ಅದೇ ಬಗೆಯ ಇನ್ನೊಂದು ಸುಲಭದ ಪ್ರಶ್ನೆ ಕೊಟ್ಟರೆ ಕಲಿಸುವ ಉದ್ದೇಶವಿದೆ ಎಂದರ್ಥ. ನಾಲ್ಕು ಆಯ್ಕೆಗಳನ್ನು ಓದದೆ ಒಂದಾದ ಮೇಲೊಂದು ಒತ್ತುತ್ತ ಹೋಗಿ. ಹಾಗೆ ಮಾಡಿಯೂ ಮುಂದಿನ ಹಂತ ತಲುಪಲು ಸಾಧ್ಯವಾದರೆ, ನಿಮ್ಮ ಮಗು ಆ ದಾರಿಯನ್ನು ಎರಡೇ ದಿನದಲ್ಲಿ ಕಂಡುಹಿಡಿಯುತ್ತದೆ.

ಬಹುಮಾನಗಳನ್ನು ಗಮನಿಸಿ. ಒಂದು ಲೆಕ್ಕಕ್ಕೆ ಎರಡು ನಾಣ್ಯ, ನಾಣ್ಯಕ್ಕೊಂದು ಟೋಪಿ, ಟೋಪಿ ಹಾಕಿಸಲು ಐದು ನಿಮಿಷ. ಹೀಗಾದರೆ ಮಗುವಿನ ಗಮನ ಲೆಕ್ಕದ ಮೇಲಿರುವುದಿಲ್ಲ. ಸತತ ಎಷ್ಟು ದಿನ ಬಂದೆ ಎಂದು ಎಣಿಸುತ್ತ, ಒಂದು ದಿನ ತಪ್ಪಿದರೆ ಅಳುವ ಗೊಂಬೆ ತೋರಿಸುವ ಆ್ಯಪ್‌ಗಳು ಕಲಿಕೆಗಿಂತ ತಮ್ಮ ಬಳಕೆದಾರರ ಸಂಖ್ಯೆಯನ್ನೇ ಹೆಚ್ಚು ಕಾಯುತ್ತವೆ.

ಜಾಹೀರಾತಿನ ಮಾತುಗಳಿಗೂ ಒಂದು ಜರಡಿ ಬೇಕು. ನಿಮ್ಮ ಮಗು ‘ನೋಡಿ ಕಲಿಯುವ’ ಬಗೆಯದೋ ‘ಕೇಳಿ ಕಲಿಯುವ’ ಬಗೆಯದೋ ಎಂದು ಪತ್ತೆ ಮಾಡಿ ಅದರಂತೆ ಪಾಠ ಕೊಡುತ್ತೇವೆ ಎನ್ನುವವರಿದ್ದಾರೆ. ಕಲಿಕಾ ಶೈಲಿಯ ಈ ವಾದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು ಮನೋವಿಜ್ಞಾನಿಗಳ ತಂಡವೊಂದು 2008ರಲ್ಲೇ ಪರಿಶೀಲಿಸಿ ಹೇಳಿದೆ. ಆದರೂ ಮಾರಾಟದ ಮಾತಿನಿಂದ ಅದು ಇಳಿದಿಲ್ಲ.

ಕನ್ನಡದ ಆ್ಯಪ್ ಆದರೆ ಎರಡು ಪಾಠ ಗಟ್ಟಿಯಾಗಿ ಓದಿ. ಯಂತ್ರಾನುವಾದವಾದರೆ ನಾಲಗೆಗೇ ಗೊತ್ತಾಗುತ್ತದೆ. ವಾಕ್ಯವನ್ನು ಬಿಡಿಸಿಕೊಳ್ಳುವುದರಲ್ಲೇ ಮಗುವಿನ ಶಕ್ತಿ ಖರ್ಚಾದರೆ ವಿಷಯಕ್ಕೆ ಏನು ಉಳಿಯುತ್ತದೆ?

ಕೊನೆಗೆ ಅನುಮತಿಗಳು. ಮಗ್ಗಿ ಕಲಿಸುವ ಆ್ಯಪ್ಪಿಗೆ ನೀವಿರುವ ಸ್ಥಳ, ಫೋನಿನ ಸಂಪರ್ಕ ಪಟ್ಟಿ ಏಕೆ ಬೇಕು? ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 49 ದೇಶಗಳ ಸರ್ಕಾರಗಳು ಕೊರೊನಾ ಕಾಲದಲ್ಲಿ ಶಿಫಾರಸು ಮಾಡಿದ ಆನ್‌ಲೈನ್ ಕಲಿಕೆಯ ಸಾಧನಗಳನ್ನು ಪರಿಶೀಲಿಸಿ 2022ರಲ್ಲಿ ವರದಿ ಕೊಟ್ಟಿತು. ಹತ್ತರಲ್ಲಿ ಸುಮಾರು ಒಂಬತ್ತು ಸಾಧನಗಳು ಮಕ್ಕಳ ಮಾಹಿತಿಯನ್ನು ಅವರ ಹಕ್ಕುಗಳಿಗೆ ಧಕ್ಕೆ ತರುವಂತೆ ಅಥವಾ ತರಬಹುದಾದಂತೆ ಬಳಸುತ್ತಿದ್ದವು. ಸರ್ಕಾರವೇ ಹೇಳಿದೆ, ಶಾಲೆಯೇ ಹೇಳಿದೆ ಎಂಬುದು ಭರವಸೆಗೆ ಸಾಲದು. ಅನುಮತಿ ನಿರಾಕರಿಸಿ ನೋಡಿ. ನಿರಾಕರಿಸಿದರೂ ಪಾಠ ತೆರೆದುಕೊಂಡರೆ ಆ ಅನುಮತಿ ಪಾಠಕ್ಕಾಗಿ ಕೇಳಿದ್ದಾಗಿರಲಿಲ್ಲ.

ಹಂತ 4: ಸಾಧನವನ್ನು ಅಣಿಗೊಳಿಸಿ

ಇದು ಒಂದು ಸಂಜೆಯ ಕೆಲಸ. ಮಗುವಿಗೆ ಬೇರೆ ಪ್ರೊಫೈಲ್ ಮಾಡಿ, ಅದರಲ್ಲಿ ಎರಡು ಅಥವಾ ಮೂರು ಆ್ಯಪ್ ಮಾತ್ರ ಉಳಿಸಿ. ನೋಟಿಫಿಕೇಶನ್ ಎಲ್ಲ ಬಂದ್. ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನೇ ಶುರುವಾಗುವ ‘ಆಟೋಪ್ಲೇ’ ಬಂದ್. ಹಣ ಪಾವತಿಗೆ ಪಾಸ್‌ವರ್ಡ್. ಬೇಕಾದ ಪಾಠವನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟು ಇಂಟರ್ನೆಟ್ ಆರಿಸಿ ಕೊಡುವುದಾದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಸಾಧನದ ಜಾಗ ಮನೆಯವರೆಲ್ಲ ಓಡಾಡುವ ಕೋಣೆಯ ಮೇಜು. ಚಾರ್ಜಿಗೆ ಹಾಕುವುದು ಮಲಗುವ ಕೋಣೆಯ ಹೊರಗೆ.

ಮನೆಯಲ್ಲಿ ಒಂದೇ ಫೋನ್ ಇದ್ದು ಮಕ್ಕಳು ಇಬ್ಬರು ಮೂವರಿದ್ದರೆ ಅದನ್ನು ಕೊರತೆಯೆಂದೇ ನೋಡಬೇಕಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಒಬ್ಬರು ಒತ್ತಲಿ, ಇನ್ನೊಬ್ಬರು ‘ಏಕೆ’ ಎಂದು ಕೇಳಲಿ. ಕಾರಣ ಹೇಳಬೇಕಾಗಿ ಬಂದಾಗ ಕಣ್ಣುಮುಚ್ಚಿ ಒತ್ತುವ ಆಟ ನಡೆಯುವುದಿಲ್ಲ.

ಹಂತ 5: ವಿಡಿಯೊ ಪಾಠವನ್ನು ನಿಲ್ಲಿಸಿ ನಿಲ್ಲಿಸಿ ನೋಡಿಸಿ

ಮನೆಗಳಲ್ಲಿ ಹೆಚ್ಚು ಬಳಕೆಯಾಗುವುದು ವಿಡಿಯೊ ಪಾಠ. ಹೆಚ್ಚು ಮೋಸ ಮಾಡುವುದೂ ಅದೇ. ಚೆನ್ನಾಗಿ ಹೇಳಿಕೊಡುವವರು ಲೆಕ್ಕ ಬಿಡಿಸುತ್ತಿದ್ದರೆ ಪ್ರತಿ ಹೆಜ್ಜೆಯೂ ‘ಹೌದಲ್ಲ’ ಎನಿಸುತ್ತದೆ. ಅರ್ಥವಾಯಿತು ಎಂದು ಮಗು ಹೇಳುವುದು ಸುಳ್ಳಲ್ಲ, ಆ ಕ್ಷಣ ಅರ್ಥವಾಗಿರುತ್ತದೆ. ಖಾಲಿ ಹಾಳೆ ಎದುರಿಗೆ ಬಂದಾಗ ಮೊದಲ ಹೆಜ್ಜೆ ಯಾವುದೆಂದೇ ತೋಚುವುದಿಲ್ಲ. ಏಕೆಂದರೆ ಹೆಜ್ಜೆ ಆಯ್ದುಕೊಳ್ಳುವ ಕೆಲಸವನ್ನು ಅಷ್ಟು ಹೊತ್ತೂ ವಿಡಿಯೊ ಮಾಡುತ್ತಿತ್ತು.

ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನೆಯುವಂಥದ್ದು. ಒಂದು ಗುಂಪು ಕೊಟ್ಟ ಗದ್ಯವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಹಾಳೆ ಮುಚ್ಚಿ, ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಲೆಕ್ಕ ತಿರುಗಿತು: ನೆನಪಿನಿಂದ ಬರೆದವರು ಬಹಳ ಮುಂದಿದ್ದರು. ವಿಡಿಯೊವನ್ನು ಎರಡನೇ ಸಲ ನೋಡುವುದು ಮತ್ತೆ ಓದಿದ ಹಾಗೆ. ಇದನ್ನು ಮಗುವಿಗೂ ಹೇಳಿ. ದೊಡ್ಡ ಮಕ್ಕಳಿಗೆ ಇಂಥ ಪ್ರಯೋಗದ ವಿವರ ಉಪದೇಶಕ್ಕಿಂತ ಬೇಗ ನಾಟುತ್ತದೆ.

ಮಾಡುವ ಬಗೆ ಹೀಗೆ. ವಿಡಿಯೊ ಹಾಕುವ ಮೊದಲು ವಿಷಯದ ಬಗ್ಗೆ ಏನು ಗೊತ್ತಿದೆ ಎಂದು ಮಗು ಎರಡು ಸಾಲು ಬರೆಯಲಿ, ತಪ್ಪಿದ್ದರೂ ಸರಿ. ಶಿಕ್ಷಕರು ಪ್ರಶ್ನೆಯನ್ನು ಹೇಳಿ ಮುಗಿಸಿದ ಕ್ಷಣ, ಬಿಡಿಸಲು ಶುರು ಮಾಡುವ ಮುನ್ನ, ವಿಡಿಯೊ ನಿಲ್ಲಿಸಿ. ಮಗು ತಾನೇ ಮೂರು ನಿಮಿಷ ಒದ್ದಾಡಲಿ. ಆಮೇಲೆ ಮುಂದೆ ಬಿಡಿ. ಈಗ ಮಗು ನೋಡುವ ರೀತಿಯೇ ಬೇರೆ, ತಾನು ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿರುತ್ತದೆ. ಐದಾರು ನಿಮಿಷಕ್ಕೊಮ್ಮೆ ಮತ್ತೆ ನಿಲ್ಲಿಸಿ, ಪರದೆ ನೋಡದೆ ಇಲ್ಲಿಯ ತನಕ ಹೇಳಿದ್ದನ್ನು ಹೇಳಿಸಿ. ಮುಗಿದ ಮೇಲೆ ಅಂಕಿಗಳನ್ನು ಬದಲಿಸಿ ಅದೇ ಬಗೆಯ ಒಂದು ಲೆಕ್ಕ ಕೊಡಿ. ಹತ್ತು ನಿಮಿಷದ ವಿಡಿಯೊಗೆ ಹೀಗೆ ಅರ್ಧ ಗಂಟೆ ಹಿಡಿಯುತ್ತದೆ. ಹಿಡಿಯಲಿ. ಅದನ್ನೇ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಸಂಜೆಗೆ ಆರು ಅಧ್ಯಾಯ ಮುಗಿಸಿದೆ ಎನ್ನುವ ಮಗುವಿನ ಮನೆಯವರು ಸಂತೋಷಪಡಲು ಕಾರಣ ಕಡಿಮೆ.

ಹಂತ 6: ಕಾಗದಕ್ಕೆ ಯಾವುದು, ಪರದೆಗೆ ಯಾವುದು

54 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2018ರ ವಿಶ್ಲೇಷಣೆಯೊಂದು ಕಾಗದದ ಮೇಲೆ ಓದಿದವರಿಗೆ ವಿಷಯ ಹೆಚ್ಚು ಅರ್ಥವಾಗಿರುತ್ತದೆ ಎಂದು ಕಂಡುಕೊಂಡಿತು. ವ್ಯತ್ಯಾಸ ದೊಡ್ಡದಲ್ಲ. ಮಾಹಿತಿ, ವಿವರಣೆ ಇರುವ ಬರಹದಲ್ಲಿ ಅದು ಕಂಡಿತು, ಕಥೆಗಳಲ್ಲಿ ಕಾಣಲಿಲ್ಲ. ಸಮಯದ ಒತ್ತಡವಿದ್ದಾಗ ಇನ್ನಷ್ಟು ಹೆಚ್ಚಿತು. ಹಾಗಾಗಿ ಕಥೆ ಪುಸ್ತಕವನ್ನು ಪರದೆಯ ಮೇಲೆ ಓದಿದರೆ ಚಿಂತೆ ಬೇಡ. ವಿಜ್ಞಾನ, ಸಮಾಜದ ಪಾಠಗಳು, ಪರೀಕ್ಷೆಗೆ ಓದುವ ಟಿಪ್ಪಣಿಗಳು ಕಾಗದದಲ್ಲಿರಲಿ. ಪಿಡಿಎಫ್ ಬಂದರೆ ಬೇಕಾದ ನಾಲ್ಕು ಪುಟ ಪ್ರಿಂಟ್ ಹಾಕಿಸಿ.

ಅಕ್ಷರ ಕಲಿಯುವ ಮಗು ಕೈಯಲ್ಲೇ ಬರೆಯಬೇಕು. ‘ಘ’ಕ್ಕೂ ‘ಫ’ಕ್ಕೂ ಇರುವ ಭೇದ ಕೈ ತಿರುಗಿಸಿದಾಗ ಮನಸ್ಸಿಗೆ ಹತ್ತುತ್ತದೆ; ಕೀಲಿಮಣೆಯಲ್ಲಿ ಎರಡೂ ಒಂದೊಂದು ಒತ್ತು ಅಷ್ಟೇ.

ಹಂತ 7: ಕೃತಕ ಬುದ್ಧಿಮತ್ತೆಗೆ ಬೇಲಿ ಹಾಕಿ

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮನೆಗೆಲಸ ಎನ್ನುವುದರ ರೂಪವೇ ಬದಲಾಗಿದೆ. ಇದನ್ನು ಪೂರ್ತಿ ನಿಷೇಧಿಸುವ ಮನೆಗಳಲ್ಲಿ ಮಕ್ಕಳು ಗೆಳೆಯರ ಫೋನಿನಲ್ಲಿ ಬಳಸುತ್ತಾರೆ. ಆದ್ದರಿಂದ ಬಳಸುವ ರೀತಿಯನ್ನು ಕಲಿಸುವುದೇ ಮೇಲು.

ಟರ್ಕಿಯ ಪ್ರೌಢಶಾಲೆಯೊಂದರ ಗಣಿತ ತರಗತಿಗಳಲ್ಲಿ ನಡೆದ ಪ್ರಯೋಗ ಈ ವಿಷಯದಲ್ಲಿ ಕಣ್ಣು ತೆರೆಸುತ್ತದೆ. ಚಾಟ್‌ಬಾಟ್ ಅನ್ನು ಇದ್ದ ಹಾಗೇ ಬಳಸಲು ಬಿಟ್ಟ ವಿದ್ಯಾರ್ಥಿಗಳ ಅಭ್ಯಾಸದ ಅಂಕ 48 ಪ್ರತಿಶತ ಹೆಚ್ಚಿತು. ಆಮೇಲೆ ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಎಂದೂ ಬಳಸದಿದ್ದವರಿಗಿಂತ 17 ಪ್ರತಿಶತ ಕಡಿಮೆ ಅಂಕ ಬಂತು. ಇನ್ನೊಂದು ಗುಂಪಿಗೆ, ನೇರ ಉತ್ತರ ಕೊಡದೆ ಶಿಕ್ಷಕರು ಹೇಳಿಕೊಟ್ಟಂತೆ ಸುಳಿವು ಮಾತ್ರ ಕೊಡುವ ಹಾಗೆ ಬದಲಿಸಿದ ಚಾಟ್‌ಬಾಟ್ ಕೊಟ್ಟಿದ್ದರು. ಅವರಲ್ಲಿ ಆ ನಷ್ಟ ಬಹುಮಟ್ಟಿಗೆ ಇಲ್ಲವಾಯಿತು. ತಂತ್ರಜ್ಞಾನ ಎರಡೂ ಕಡೆ ಒಂದೇ. ಒಂದರಲ್ಲಿ ಲೆಕ್ಕ ಮಾಡಿದ್ದು ಯಂತ್ರ, ಇನ್ನೊಂದರಲ್ಲಿ ಮಗು.

ಮನೆಯಲ್ಲಿ ಪಾಲಿಸಬಹುದಾದ ಕ್ರಮ: ಮೊದಲು ಮಗು ಕಾಗದದ ಮೇಲೆ ತನಗೆ ಬಂದಷ್ಟು ಮಾಡಬೇಕು, ಆ ಹಾಳೆ ಇಲ್ಲದೆ ಚಾಟ್‌ಬಾಟ್ ತೆರೆಯುವಂತಿಲ್ಲ. ಪ್ರಶ್ನೆ ಕೇಳುವ ರೀತಿಯನ್ನೂ ಬರೆದುಕೊಡಿ. ‘ನಾನು ಏಳನೇ ತರಗತಿ. ಉತ್ತರ ಹೇಳಬೇಡ. ನಾನು ಬಿಡಿಸಿದ ಲೆಕ್ಕದಲ್ಲಿ ಮೊದಲ ತಪ್ಪು ಯಾವ ಸಾಲಿನಲ್ಲಿದೆ ಎಂದಷ್ಟೇ ಹೇಳು’, ಅಥವಾ ‘ಈ ಪಾಠದ ಮೇಲೆ ನನಗೆ ಐದು ಪ್ರಶ್ನೆ ಕೇಳು, ಒಂದಕ್ಕೆ ಉತ್ತರಿಸಿದ ಮೇಲೆ ಇನ್ನೊಂದು ಕೇಳು’. ಮುಗಿದ ಮೇಲೆ ಪರದೆ ಮುಚ್ಚಿ, ಅದೇ ಬಗೆಯ ಇನ್ನೊಂದು ಲೆಕ್ಕವನ್ನು ಒಬ್ಬರೇ ಮಾಡಲಿ.

ಈ ಯಂತ್ರಗಳು ಗೊತ್ತಿಲ್ಲದ್ದನ್ನೂ ಗೊತ್ತಿದ್ದವರ ಧಾಟಿಯಲ್ಲೇ ಹೇಳುತ್ತವೆ. ಇಸವಿ, ಹೆಸರು, ಸೂತ್ರ ಯಾವುದೇ ಇರಲಿ, ಪಠ್ಯಪುಸ್ತಕದಲ್ಲಿ ಒಮ್ಮೆ ನೋಡಿಯೇ ಬರೆದುಕೊಳ್ಳಬೇಕು. ವ್ಯಾಕರಣ, ಛಂದಸ್ಸಿನಂಥ ಕನ್ನಡದ ವಿಷಯಗಳಲ್ಲಿ ಇನ್ನೂ ಹೆಚ್ಚು ಅನುಮಾನವಿರಲಿ; ಪ್ರಸ್ತಾರ ಹಾಕಲು ಹೇಳಿ ಲಘು ಗುರುಗಳನ್ನು ನೀವೇ ಎಣಿಸಿ ನೋಡಿ, ಗೊತ್ತಾಗುತ್ತದೆ. ಮಗುವಿನ ಪೂರ್ಣ ಹೆಸರು, ಶಾಲೆ, ಫೋಟೊ ಅಲ್ಲಿಗೆ ಹೋಗಬಾರದು. ಚಾಟ್‌ಜಿಪಿಟಿಯ ನಿಯಮದಲ್ಲೇ 13 ವರ್ಷಕ್ಕಿಂತ ಚಿಕ್ಕವರು ಬಳಸುವಂತಿಲ್ಲ ಎಂದಿದೆ. ಅದಕ್ಕಿಂತ ಎಳೆಯ ಮಗುವಿಗೆ ಬೇಕೆನಿಸಿದರೆ ಪಕ್ಕದಲ್ಲಿ ಕೂತು ನೀವೇ ಟೈಪ್ ಮಾಡಿ.

ಹಂತ 8: ಕಣ್ಣು, ನಿದ್ದೆ

ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡ್ ನೋಡುವುದು ಕಣ್ಣಿನ ವೈದ್ಯರು ಹೇಳುವ ಸುಲಭದ ನಿಯಮ; ಕಣ್ಣಿನ ಆಯಾಸಕ್ಕೆ ಅದು ಸರಿ. ಮಕ್ಕಳ ಸಮೀಪದೃಷ್ಟಿ ತಡೆಯಲು ಹಗಲು ಬೆಳಕಿನಲ್ಲಿ ಹೊರಗಿರುವುದು ಮುಖ್ಯ. ಚೀನಾದ ಗುವಾಂಗ್‌ಜೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚುವರಿ ಹೊರಾಂಗಣ ಅವಧಿ ಕೊಟ್ಟು ಮೂರು ವರ್ಷ ನೋಡಿದರು. ಆ ಗುಂಪಿನಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಸುಮಾರು 30 ಪ್ರತಿಶತ. ಉಳಿದವರಲ್ಲಿ ಸುಮಾರು 40. ಆಟದ ಹೊತ್ತನ್ನು ಕತ್ತರಿಸಿ ಆನ್‌ಲೈನ್ ತರಗತಿಗೆ ಕೊಡುವ ಮುನ್ನ ಈ ಅಂಕಿ ನೆನಪಿರಲಿ. ಮಲಗುವ ಒಂದು ಗಂಟೆ ಮೊದಲು ಪರದೆ ಬಂದ್, ಅದು ಪಾಠದ ಪರದೆಯಾದರೂ.

ಹಂತ 9: ನಾಲ್ಕು ವಾರದ ಗಡುವು

ಶುರು ಮಾಡುವ ದಿನ, ಹಂತ 1ರಲ್ಲಿ ಬರೆದ ತೊಡಕಿನ ಮೇಲೆ ಐದು ಪ್ರಶ್ನೆಗಳನ್ನು ಕಾಗದದಲ್ಲಿ ಮಾಡಿಸಿ, ಆ ಹಾಳೆಯನ್ನು ತಾರೀಖು ಹಾಕಿ ಎತ್ತಿಡಿ. ನಾಲ್ಕು ವಾರ ಕಳೆದ ಮೇಲೆ ಅದೇ ಬಗೆಯ ಬೇರೆ ಐದು ಪ್ರಶ್ನೆಗಳನ್ನು, ಆ್ಯಪ್ ಮುಟ್ಟದ ದಿನ, ಮತ್ತೆ ಕಾಗದದಲ್ಲಿ ಕೊಡಿ. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಆ್ಯಪ್ ಕಳಿಸುವ ಹಸಿರು ಬಾಣಗಳ ವಾರದ ವರದಿ ಇದಕ್ಕೆ ಸಾಟಿಯಲ್ಲ. ಅದು ಅಳೆಯುವುದು ಆ್ಯಪ್‌ನೊಳಗಿನ ಪ್ರಗತಿಯನ್ನು.

ಸುಧಾರಣೆ ಕಂಡರೆ ಆ ತೊಡಕು ಮುಗಿಯಿತು ಎಂದು ಆ್ಯಪ್ಪಿಗೂ ವಿದಾಯ ಹೇಳಬಹುದು, ಅಥವಾ ಮುಂದಿನ ವಾಕ್ಯ ಬರೆಯಬಹುದು. ಕಾಣದಿದ್ದರೆ ಇನ್ನೊಂದು ತಿಂಗಳು ನೋಡೋಣ ಎಂದು ಎಳೆಯಬೇಡಿ. ಎರಡೂ ಹಾಳೆ ಹಿಡಿದು ಶಿಕ್ಷಕರ ಬಳಿ ಹೋಗಿ.

ತೆಗೆಯುವಾಗ ಒಂದು ಎಚ್ಚರ. ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಖಾತೆಯೂ ಹೋಗುವುದಿಲ್ಲ. ಮೊದಲು ಆ್ಯಪ್ ಸ್ಟೋರ್‌ನ ‘ಸಬ್‌ಸ್ಕ್ರಿಪ್ಶನ್’ ಪಟ್ಟಿಯಲ್ಲಿ ಚಂದಾ ರದ್ದು ಮಾಡಿ. ಆಮೇಲೆ ಆ್ಯಪ್ಪಿನ ಸೆಟ್ಟಿಂಗ್‌ನಲ್ಲಿ ಖಾತೆ ಮತ್ತು ಮಾಹಿತಿ ಅಳಿಸುವ ಆಯ್ಕೆ ಹುಡುಕಿ. ಸಿಗದಿದ್ದರೆ ಕಂಪನಿಗೆ ಮಿಂಚಂಚೆ ಬರೆದು, ಅಳಿಸಿದ್ದೇವೆ ಎಂಬ ಉತ್ತರ ತರಿಸಿಕೊಳ್ಳಿ. ಆ್ಯಪ್ಪನ್ನು ಫೋನಿನಿಂದ ತೆಗೆಯುವುದು ಇವೆಲ್ಲ ಆದ ಮೇಲೆ.